ಚಿತ್ರ ಮುಗಿದ ಮೇಲೂ ಕುಳಿತಿರುವವರು

ಚಲನಚಿತ್ರ ನೋಡಿ ಮನೆಗೆ ಮರಳಿದವರನ್ನು "ಹೆಂಗಿತ್ತು?" ಎಂದು ಕೇಳುವುದು ನಮ್ಮ ಕಡೆಯ ವಾಡಿಕೆ. "ಛಲೋ ಇತ್ತು" ಎಂದೋ, "ಏನಿಲ್ಲ, ಸುಮ್ಮ ಇತ್ತು" ಎಂದೋ ಉತ್ತರ ಬರುತ್ತದೆ. ಅಲ್ಲಿಗೆ ಆ ಪ್ರಸ್ತಾಪ ಮುಗಿದು ಊಟದ ಮಾತು ಆರಂಭವಾಗುತ್ತದೆ. ಶ್ರಾವಣದಲ್ಲಿ ಪುರಾಣ ಕೇಳಿ ಬರುವ ಹಿರಿಯರಾದರೋ ಹಾಗಲ್ಲ. ಮಠದ ಅಂಗಳದಿಂದ ಮನೆಯ ಕಟ್ಟೆಯವರೆಗೂ ಅವರ ಚರ್ಚೆ ಸಾಗಿರುತ್ತದೆ. ಶಾಸ್ತ್ರಿಗಳು ಆ ಪ್ರಸಂಗವನ್ನು ಹಾಗೇಕೆ ಬಿಡಿಸಿದರು, ಇನ್ನೊಂದು ಬಗೆಯಾಗಿ ಹೇಳಬಹುದಿತ್ತಲ್ಲವೆ ಎಂದು ಮರುದಿನ ಅವರನ್ನೇ ಕೇಳುವವರೂ ಉಂಟು. ಕೇಳಿದ್ದನ್ನು ಹೀಗೆ ಮೆಲುಕು ಹಾಕಬಲ್ಲ ನಮ್ಮ ಮನೆತನಗಳು ನೋಡಿದ್ದರ ವಿಷಯದಲ್ಲಿ ಮಾತ್ರ ಮೂಕವಾಗಿಬಿಟ್ಟಿರುವುದು ಸೋಜಿಗದ ಸಂಗತಿ.

ಈ ವಿಚಾರವನ್ನು ಎತ್ತಿಕೊಳ್ಳಲು ಕಾರಣವುಂಟು. ದೊಡ್ಡ ಬಂಡವಾಳವಾಗಲಿ, ಹೆಸರಾಂತ ನಟರಾಗಲಿ ಇಲ್ಲದೆ, ತಮ್ಮ ಮನಸ್ಸಿಗೆ ಒಪ್ಪಿದ ಕಥೆಯನ್ನು ಕೈಗೆಟುಕಿದಷ್ಟು ಹಣದಲ್ಲಿ ಚಿತ್ರಿಸುವ ನಿರ್ದೇಶಕರ ಒಂದು ಪೀಳಿಗೆ ಇಂದು ಕನ್ನಡದಲ್ಲಿದೆ. ಇವರನ್ನು ಸ್ವತಂತ್ರ ಚಿತ್ರಕಾರರೆಂದು ಕರೆಯುತ್ತಾರೆ. ಹಿಂದೆ ನಾವು ಇಂಥ ಕೃತಿಗಳನ್ನು 'ಕಲಾತ್ಮಕ ಚಿತ್ರ' ಅಥವಾ 'ಪ್ರಶಸ್ತಿ ಚಿತ್ರ' ಎಂದು ಹೆಸರಿಟ್ಟು, ಗೌರವದಿಂದಲೇ ದೂರವಿಡುತ್ತಿದ್ದೆವು. ಇವು ಚಿತ್ರಮಂದಿರಗಳಲ್ಲಿ ವಾರಗಟ್ಟಲೆ ನಿಲ್ಲುವುದು ಅಪರೂಪ. ಆದಕಾರಣ ಇವುಗಳನ್ನು ಸಣ್ಣ ಸಭಾಂಗಣಗಳಲ್ಲಿ ತೋರಿಸಿ, ಕೊನೆಗೆ ದೀಪ ಹಾಕಿ, ನಿರ್ದೇಶಕರನ್ನು ಪ್ರೇಕ್ಷಕರ ಎದುರಿಗೆ ಕೂರಿಸಿ ಮಾತನಾಡಿಸುವ ಪದ್ಧತಿಯೊಂದು ಬೆಳೆದುಬಂದಿದೆ. ಬೆಂಗಳೂರಿಗೆ ಇದು ಹೊಸದೇನಲ್ಲ. ಅಲ್ಲಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿಯೇ ಹುಟ್ಟಿತು. 2006ರಿಂದ ಅಂತರರಾಷ್ಟ್ರೀಯ ಚಿತ್ರೋತ್ಸವವೂ ಆರಂಭವಾಯಿತು. ನಮ್ಮ ಕಲಬುರಗಿಯಲ್ಲಿ, ಹುಮನಾಬಾದಿನ ದಾರಿಯ ಕಮಲಾಪುರದಂಥ ಊರಿನಲ್ಲಿ ಇದು ಬೇರೂರಬಲ್ಲುದೆ? ಬೇರೂರಿದರೆ ನಮ್ಮ ಮನೆಗಳಿಗೆ ಅದರಿಂದ ಆಗುವುದೇನು?

ಸಿನಿಮಾ ಎಂಬ ಶಬ್ದ ಕೇಳಿದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರು ಬಾಗಿಲಲ್ಲಿ ತಡೆದು ನಿಲ್ಲಿಸಬೇಕೆಂದಿದ್ದ ಸಿನಿಮಾ ಈಗ ಮಕ್ಕಳ ಅಂಗೈಯಲ್ಲಿದೆ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ನಾಲ್ಕು ಬೇರೆ ಚಿತ್ರಗಳನ್ನು ನೋಡುತ್ತಿರುತ್ತಾರೆ. ಯಾರು ಏನನ್ನು ನೋಡಿದರು, ಅದರಿಂದ ಅವರ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದು ಮತ್ತೊಬ್ಬರಿಗೆ ತಿಳಿಯದು. ಹಳೆಯ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಸಾಲಾಗಿ ಕುಳಿತು ನೋಡಿದ್ದು ಇದಕ್ಕಿಂತ ಎಷ್ಟೋ ನಿರಪಾಯಕರವೆಂದು ಆ ಹಿರಿಯರೇ ಈಗ ಒಪ್ಪುವರೆಂದು ನನ್ನ ಎಣಿಕೆ. ಕೂಡಿ ನೋಡಿ, ಕೂಡಿ ಮಾತನಾಡುವ ಪದ್ಧತಿಯ ವಿಚಾರವನ್ನು ಕುಟುಂಬಗಳ ಪತ್ರಿಕೆಯಲ್ಲಿ ಬರೆಯಲು ಇಷ್ಟು ಕಾರಣ ಸಾಕು.

ಪದ್ಧತಿಯ ಹುಟ್ಟನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಯುರೋಪಿನಲ್ಲಿ 1920ರ ದಶಕದಲ್ಲಿ ಇಂಥ ಸಂಘಗಳು ಕಾಣಿಸಿಕೊಂಡವು. ನಮ್ಮ ದೇಶದಲ್ಲಿ 1947ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದ ತರುಣರು ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ರಾಯ್ ಅವರು ಆಗಿನ್ನೂ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರ ಬರೆಯುವ ನೌಕರ. ಎರಡು ವರ್ಷಗಳ ತರುವಾಯ ಫ್ರಾನ್ಸಿನ ಪ್ರಸಿದ್ಧ ನಿರ್ದೇಶಕ ಝಾನ್ ರೆನ್ವಾರ್ ತಮ್ಮ 'ದಿ ರಿವರ್' ಚಿತ್ರದ ಸಿದ್ಧತೆಗೆಂದು ಕಲ್ಕತ್ತೆಗೆ ಬಂದಾಗ ಈ ತರುಣರು ಅವರನ್ನು ಬಿಡದೆ ಮಾತಿಗೆಳೆದರು. ಚಿತ್ರೀಕರಣದ ಸ್ಥಳಗಳನ್ನು ಹುಡುಕುತ್ತ ರಾಯ್ ಅವರು ರೆನ್ವಾರರೊಡನೆ ಹಳ್ಳಿಗಳನ್ನು ಸುತ್ತಿದರು. 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯ ಹಿಂದೆ ಆ ಮಾತುಗಳ ಪಾಲು ಎಷ್ಟೆಂದು ಅಳೆಯಲಾಗದು. ಇದ್ದೇ ಇತ್ತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಇದು ಮಹಾನಗರದ ಕಥೆಯಾಯಿತು, ನಮಗೇನು ಸಂಬಂಧ ಎನ್ನುವವರಿಗೆ ನಾನು ಹೆಗ್ಗೋಡನ್ನು ತೋರಿಸಲು ಇಚ್ಛಿಸುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಆ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಘ ಹುಟ್ಟಿತು. ಅದರ ಜೀವವಾಗಿದ್ದ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಚಿತ್ರಸಮಾಜವನ್ನು ಆರಂಭಿಸಿದರು. ಹಳ್ಳಿಗರಿಗೆ ಹಾಡು, ಹೊಡೆದಾಟ, ಹಾಸ್ಯ ಇದ್ದರೆ ಸಾಕು, ಪರಭಾಷೆಯ ಗಂಭೀರ ಚಿತ್ರಗಳು ಅವರಿಗೆ ಏತಕ್ಕೆ ಎಂಬುದು ಅಂದಿನ ಸರ್ವಸಾಮಾನ್ಯ ಅಭಿಪ್ರಾಯ. ಸುಬ್ಬಣ್ಣನವರು ಅದನ್ನು ಒಪ್ಪಲಿಲ್ಲ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಬಹುಕಾಲ ಪೋಷಿಸಿದ ಪಿ.ಕೆ. ನಾಯರ್ ಅವರ ಒತ್ತಾಸೆಯಿಂದ ಜಗತ್ತಿನ ಶ್ರೇಷ್ಠ ಚಿತ್ರಗಳ ಸುರುಳಿಗಳು ಹೆಗ್ಗೋಡಿನ ಹಾದಿ ಹಿಡಿದವು. ಅಲ್ಲಿಯ ಸಿನಿಮಾ ರಸಗ್ರಹಣ ಶಿಬಿರಗಳಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ ಬಹಾದೂರ್ ಅವರು ಪಾಠ ಹೇಳಿದರು. 1980ರ ದಶಕದ ಮೊದಲ ಭಾಗದಲ್ಲಿ 'ಜನಸ್ಪಂದನ' ಎಂಬ ಯೋಜನೆಯ ಮೂಲಕ ಈ ಕೆಲಸ ಹೆಗ್ಗೋಡಿನ ಎಲ್ಲೆ ದಾಟಿ ರಾಜ್ಯದ ಇತರ ಊರುಗಳಿಗೂ ಹೊರಟಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮಲ್ಲಿ ಅನೇಕರು ಆ ಹಳ್ಳಿಯ ಹೆಸರನ್ನು ಮೊದಲ ಸಲ ಕೇಳಿದೆವು.

ನಾಯರ್ ಅವರ ಜೀವನವನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರಪುರ ಅವರು ತಯಾರಿಸಿದ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ 2012ರಲ್ಲಿ ಬಂದಿತು. ಅದರಲ್ಲಿ ಹೆಗ್ಗೋಡಿನ ಭಾಗವೊಂದಿದೆ. ಎಷ್ಟೋ ವರ್ಷಗಳ ಹಿಂದೆ ನೋಡಿದ ಪರದೇಶದ ಚಿತ್ರಗಳನ್ನು ಊರಿನ ಸಾಮಾನ್ಯ ಜನ ಅಲ್ಲಿ ನೆನೆದು ಮಾತನಾಡುತ್ತಾರೆ. ಇದರಲ್ಲಿ ಆಶ್ಚರ್ಯಪಡಬೇಕಾದದ್ದೇನೂ ಇಲ್ಲವೆಂದೇ ನನ್ನ ಭಾವನೆ. 'ಬೈಸಿಕಲ್ ಥೀವ್ಸ್' ಎಂಬ ಇಟಲಿಯ ಚಿತ್ರದಲ್ಲಿರುವುದೇನು? ಕೆಲಸಕ್ಕೆ ಸೈಕಲ್ಲು ಬೇಕೇ ಬೇಕು. ಆ ಸೈಕಲ್ಲೇ ಕಳುವಾಗುತ್ತದೆ. ಮಗನ ಕೈಹಿಡಿದು ಊರೆಲ್ಲ ಹುಡುಕಿದ ತಂದೆ ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ಲಿಗೆ ಕೈಹಾಕುತ್ತಾನೆ. ಸಾಲ ಮಾಡಿ ಕೊಂಡ ಎತ್ತು ಬಿತ್ತನೆಯ ಮುಂಚೆ ಸತ್ತುಹೋದ ರೈತನಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಪಾನಿನ 'ರಾಶೋಮನ್' ಚಿತ್ರದಲ್ಲಿ ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಹೊಲದ ಬದುವಿನ ಜಗಳವನ್ನು ಪಂಚರ ಮುಂದೆ ಕೇಳಿದವರಿಗೆ ಅದು ಹೊಸ ಅನುಭವವೆ? ಹೆಗ್ಗೋಡು ಸಾಧಿಸಿದ್ದು ಇಷ್ಟೆ: ಚಿತ್ರವನ್ನು ತಂದಿತು, ನೋಡಿದ ಮೇಲೆ ಮಾತನಾಡಲು ಜನರಿಗೆ ಸ್ಥಳವನ್ನೂ ಬಿಡುವನ್ನೂ ಕೊಟ್ಟಿತು.

ಮಾತಿಗೆ ಸ್ಥಳ ಕೊಟ್ಟರೆ ಏನು ಹೊರಬರುತ್ತದೆ ಎಂಬುದನ್ನು ಕಮಲಾಪುರದ ಮನೆಯೊಂದರಲ್ಲಿ ಕಂಡಿದ್ದೇನೆ. ಬೀಗರ ಮನೆಗೆ ಹೋಗಿದ್ದಾಗ ಮಧ್ಯಾಹ್ನದ ಊಟದ ಬಳಿಕ ಟಿ.ವಿ.ಯಲ್ಲಿ 'ತಬರನ ಕಥೆ' ಹಾಕಿದರು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1986ರಲ್ಲಿ ನಿರ್ದೇಶಿಸಿದ, ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಕೃತಿ ಅದು. ನಿವೃತ್ತನಾದ ಬಡ ಜವಾನ ತಬರಶೆಟ್ಟಿ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತ ಹೋಗುತ್ತದೆ. ಚಿತ್ರ ಮುಗಿದಾಗ ಮನೆಯ ಯಜಮಾನರು, ತಾವೂ ನಿವೃತ್ತ ನೌಕರರಾದ್ದರಿಂದ, ಕಡತ ಯಾವ ಟೇಬಲಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ವಿಸ್ತಾರವಾಗಿ ವಿವರಿಸತೊಡಗಿದರು. ಗಂಡಸರೆಲ್ಲರೂ ಅದರಲ್ಲಿ ಮುಳುಗಿದರು. ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದ ಅವರ ತಾಯಿಯವರು, ಎಂಬತ್ತರ ಸಮೀಪದವರು, ನಡುವೆ ಒಂದೇ ಮಾತು ಆಡಿದರು: "ಆಕೀ ಗಾಯ ಎಂದಿಂದ ಇತ್ತಂತ ಯಾರೂ ಕೇಳಲಿಲ್ಲ ನೋಡ್ರಿ. ಮನ್ಯಾಗ ಹೆಣ್ಮಕ್ಕಳ ಕಾಲಿನ ಗಾಯ ಎಲ್ಲಾರಿಗಿಂತ ಕಡೀಕ ಕಾಣ್ತದ."

ಕೂಡಲೇ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಅತ್ತೆಯ ಬಳಿ ಹೋಗಿ, "ನಿಮ್ಮ ಕಾಲ ಹೆಂಗದ ಈಗ? ಖರೆ ಹೇಳ್ರಿ" ಎಂದು ಕೇಳಿದ್ದನ್ನು ನಾನೇ ಕಂಡೆ. ಪಿಂಚಣಿಯ ಕಥೆಯೆಂದು ನಾವೆಲ್ಲ ತಿಳಿದಿದ್ದ ಚಿತ್ರದ ಇನ್ನೊಂದು ಮುಖ ಆ ಮುದುಕಿಗೆ ಕಂಡಿತ್ತು. ಕಾಸರವಳ್ಳಿಯವರು ಆ ಪಡಸಾಲೆಯಲ್ಲಿ ಕುಳಿತಿದ್ದರೆ ಏನೆನ್ನುತ್ತಿದ್ದರೋ ತಿಳಿಯದು. ಆದರೆ ಆ ಮಾತು ಅವರ ಕಿವಿಗೆ ಬೀಳಬೇಕಾಗಿತ್ತು ಎಂಬುದಷ್ಟು ನಿಶ್ಚಯ. ನಿರ್ದೇಶಕರನ್ನು ನಮ್ಮೂರಿಗೆ ಕರೆಸಬೇಕೆಂದು ನಾನು ಹೇಳುವುದು ಅವರಿಂದ ಉಪದೇಶ ಪಡೆಯಲೆಂದಲ್ಲ. ಇಂಥದೊಂದು ಮಾತನ್ನು ಅವರೂ ಕೇಳಿಸಿಕೊಳ್ಳಲೆಂದು.

ಈ ಕಾರಣಕ್ಕೇ ನಮ್ಮ ಪ್ರಾಂತದ ಕಥೆಯುಳ್ಳ ಚಿತ್ರಗಳು ಮೊದಲು ನಮ್ಮಲ್ಲಿ ಚರ್ಚೆಯಾಗಬೇಕು. ಜೈಶಂಕರ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' ಎಂಬ ಚಿತ್ರ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ 'ನ್ಯೂ ಕರೆಂಟ್ಸ್' ಪ್ರಶಸ್ತಿ ಗಳಿಸಿತು. ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್ ತಿಂಗಳಲ್ಲಿ. ಯರೇಹಂಚಿನಾಳ ದೂರದ ಊರಲ್ಲ, ಕೊಪ್ಪಳ ಜಿಲ್ಲೆಯ ಹಳ್ಳಿ. ಬಹುಪಾಲು ಪಾತ್ರಧಾರಿಗಳು ಅಭಿನಯವನ್ನು ವೃತ್ತಿಯಾಗಿ ಮಾಡಿದವರಲ್ಲ. ಶಿವಮ್ಮನಾಗಿ ನಟಿಸಿದ ಶರಣಮ್ಮ ಚೆಟ್ಟಿಯವರೂ ಅಂಥವರೇ. ಸಿನಿಮಾದಲ್ಲಿ ನಮ್ಮ ಉತ್ತರದ ಮಾತು ಬಂದರೆ ನಗಿಸುವುದಕ್ಕೆಂದೇ ಬರುತ್ತದೆ ಎಂಬ ಹಳೆಯ ಬೇಸರ ನಮಗೆಲ್ಲ ಉಂಟಷ್ಟೆ? ಇಲ್ಲಿ ಅದು ಸಂಸಾರ ನಡೆಸುವ, ಬಯ್ಯುವ, ಅಳುವ, ಲೆಕ್ಕ ಹಾಕುವ ಮಾತಾಗಿ ಬಂದಿದೆ.

ಕಥೆ ಇಷ್ಟು. ಶಾಲೆಯ ಬಿಸಿಯೂಟದ ಅಡುಗೆಯವಳಾದ ಶಿವಮ್ಮನ ಗಂಡ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆಯ ಚಿಂತೆ ಬೇರೆ. ಒಬ್ಬರು ಇನ್ನಿಬ್ಬರನ್ನು ಸೇರಿಸುತ್ತ ಹೋಗುವ, ಸರಪಳಿಯಂಥ ವ್ಯಾಪಾರಕ್ಕೆ ಅವಳು ಹಣ ಹೂಡಿ, ಶಕ್ತಿ ಕೊಡುವುದೆಂದು ಹೇಳುವ ಪಾನೀಯದ ಡಬ್ಬಿಗಳನ್ನು ಊರವರಿಗೆ ಮಾರಲು ಹೊರಡುತ್ತಾಳೆ. ಬಿಸಿಯೂಟದ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ಕಲಬುರಗಿಯೂ ಸೇರಿದಂತೆ ಈಶಾನ್ಯದ ಜಿಲ್ಲೆಗಳಲ್ಲಿ; ಅದಕ್ಕೆ 'ಅಕ್ಷರ ದಾಸೋಹ' ಎಂಬ ನಮ್ಮ ಪರಂಪರೆಯ ಹೆಸರನ್ನೇ ಇಟ್ಟರು. ದಾಸೋಹದ ಹೆಸರಿನ ಒಲೆಯ ಮುಂದೆ ನಿಂತವಳ ಗೌರವಧನ ಎಷ್ಟು ಅಲ್ಪವೆಂಬುದನ್ನು ಅರಿತವರಿಗೆ ಶಿವಮ್ಮ ಆ ಡಬ್ಬಿಗಳನ್ನು ಏಕೆ ನಂಬಿದಳೆಂಬುದೂ ಅರ್ಥವಾಗುತ್ತದೆ.

ಇಂಥ ಸರಪಳಿ ವ್ಯಾಪಾರಗಳಲ್ಲಿ ಕೈಸುಟ್ಟುಕೊಂಡ ಕುಟುಂಬಗಳು ನಮ್ಮಲ್ಲಿ ಕಡಿಮೆಯೆ? ಅಳಿಯನ ಮಾತಿಗೆ ಕಟ್ಟುಬಿದ್ದು, ಬೀಗತಿಯ ಒತ್ತಾಯಕ್ಕೆ ಮಣಿದು, ಮಠಕ್ಕೆ ಬರುವ ಪರಿಚಿತರೇ ಹೇಳಿದರೆಂದು ನಂಬಿ ಹಣ ತೊಡಗಿಸಿದವರು ಅನೇಕರು. ಹೋದ ಹಣಕ್ಕಿಂತ ಹೆಚ್ಚಾಗಿ ಕಾಡುವುದು ಕೆಟ್ಟುಹೋದ ನೆಂಟಸ್ತಿಕೆ. ಮರ್ಯಾದೆಗೆ ಅಂಜಿ ಯಾರೂ ಬಾಯಿಬಿಡುವುದಿಲ್ಲ. ತನ್ನ ಕಥೆಯನ್ನು ಹೇಳಲಾರದ ಗೃಹಿಣಿ ಶಿವಮ್ಮನ ಕಥೆಯನ್ನು ಹಿಡಿದುಕೊಂಡು ಮಾತನಾಡಬಲ್ಲಳು. "ಆಕಿ ಹಂಗ ಮಾಡಬಾರದಿತ್ತು" ಎಂದು ಒಬ್ಬರು ಅಂದರೆ, "ಮತ್ತ ಏನ ಮಾಡಬೇಕಿತ್ರಿ?" ಎಂದು ಇನ್ನೊಬ್ಬರು ಕೇಳಬಲ್ಲರು. ಮನೆಯಲ್ಲಿ ಏಳದ ಪ್ರಶ್ನೆ ಪರದೆಯ ನೆಪದಲ್ಲಿ ಏಳುತ್ತದೆ. ಮೊಬೈಲಿನಲ್ಲಿ ಒಬ್ಬರೇ ನೋಡಿ ಮುಗಿಸಿದರೆ ಇದು ನಡೆಯುವ ಸಂಭವವಿಲ್ಲ.

ಇನ್ನೊಂದು ಬಗೆಯ ಚಿತ್ರಗಳ ವಿಷಯದಲ್ಲಿ ನಮ್ಮ ಪ್ರೇಕ್ಷಕರಿಗೆ ವಿಶೇಷ ಅಧಿಕಾರವುಂಟೆಂದು ಹೇಳಿದರೆ ಅತಿಶಯೋಕ್ತಿಯಾಗದು. 1959ರ 'ಜಗಜ್ಯೋತಿ ಬಸವೇಶ್ವರ'ದಿಂದ ಟಿ.ಎಸ್. ನಾಗಾಭರಣರು 2017ರಲ್ಲಿ ತೆರೆಗೆ ತಂದ 'ಅಲ್ಲಮ'ದವರೆಗೆ ಶರಣರ ಜೀವನ ಪರದೆಯ ಮೇಲೆ ಬಂದಿದೆ. ಮಧುಶ್ರೀ ದತ್ತ ಅವರು 2000ದಲ್ಲಿ ಅಕ್ಕಮಹಾದೇವಿಯವರನ್ನು ಕುರಿತು 'ಸ್ಕ್ರಿಬಲ್ಸ್ ಆನ್ ಅಕ್ಕ' ಎಂಬ ಚಿತ್ರವನ್ನು ಮಾಡಿದರು. ಇವನ್ನು ನೋಡಿ ವಿಮರ್ಶಕರು ಛಾಯಾಗ್ರಹಣ, ಸಂಕಲನಗಳ ಬಗ್ಗೆ ಬರೆದಾರು. ಪ್ರತಿದಿನ ವಚನ ಓದುವ ಮನೆಯವರು ಕೇಳುವ ಪ್ರಶ್ನೆಯೇ ಬೇರೆ: ಈ ಮಾತಿಗೆ ಈ ದೃಶ್ಯವನ್ನೇ ಏಕೆ ಇಟ್ಟಿರಿ? ಇಲ್ಲಿ ಮೌನವಿರಬೇಕಿತ್ತು, ಸಂಗೀತವನ್ನೇಕೆ ತುಂಬಿದಿರಿ? ಅಂಥ ಪ್ರಶ್ನೆಗೆ ನಿರ್ದೇಶಕರು ಸಮರ್ಪಕ ಉತ್ತರ ಕೊಡಲೇಬೇಕಾಗುತ್ತದೆ. ಒಪ್ಪದ ಚಿತ್ರದ ವಿರುದ್ಧ ಬೀದಿಯಲ್ಲಿ ಕೂಗಾಡುವುದಕ್ಕಿಂತ ಸಭೆಯಲ್ಲಿ ಎದುರು ಕೂರಿಸಿ ಕೇಳುವುದು ನಮ್ಮ ಪರಂಪರೆಗೆ ಶೋಭಿಸುವ ಮಾರ್ಗ. 1970ರ 'ಸಂಸ್ಕಾರ' ಚಿತ್ರಕ್ಕೆ ಮೊದಲು ಸೆನ್ಸಾರ್ ಅನುಮತಿ ದೊರೆಯಲಿಲ್ಲ, ಆಮೇಲೆ ಬಿಡುಗಡೆಯಾಗಿ ಅದು ಸ್ವರ್ಣಕಮಲ ಗಳಿಸಿತು ಎಂಬುದನ್ನು ಇಲ್ಲಿ ನೆನೆಯಬಹುದು.

ಕಲಬುರಗಿಗೆ ಚಿತ್ರಲೋಕ ಅಪರಿಚಿತವೇನೂ ಅಲ್ಲ. ಇಲ್ಲಿಯೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರು ಮುಂಬಯಿಗೆ ಹೋಗಿ, ಮೆಟ್ರೋ ಗೋಲ್ಡ್‌ವಿನ್ ಮೇಯರ್ ಕಂಪನಿಯ ಚಿತ್ರಗಳಿಗೂ ಹಿಂದಿ ಚಿತ್ರಗಳಿಗೂ ಬಣ್ಣದ ಪ್ರಚಾರಚಿತ್ರಗಳನ್ನು ಬರೆದು ದೇಶದಲ್ಲೆಲ್ಲ ಹೆಸರಾದರು. ಪೌರಾಣಿಕ ಚಿತ್ರಗಳಿಂದ ಮನೆಮನೆಯ ಗೋಡೆಗಳನ್ನೂ ತಲುಪಿದರು. ನಗರದ ರಂಗಮಂದಿರಕ್ಕೆ ಅವರದೇ ಹೆಸರಿದೆ. 2020ರ ಫೆಬ್ರವರಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆದಾಗ ಅಧ್ಯಕ್ಷರಾಗಿದ್ದ ಎಚ್.ಎಸ್. ವೆಂಕಟೇಶಮೂರ್ತಿಯವರು ಚಲನಚಿತ್ರಗಳಿಗೂ ಬರೆದ ಕವಿ. ಆ ಮೂರು ದಿನ ನೆರೆದ ಜನಸ್ತೋಮವನ್ನು ಕಂಡವರು ಇಲ್ಲಿ ಕೇಳುಗರಿಲ್ಲ, ನೋಡುಗರಿಲ್ಲ ಎಂದು ಹೇಳಲಾರರು. ಕಲಬುರಗಿ ವಿಶ್ವವಿದ್ಯಾಲಯವಿದೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಹತ್ತಾರು ಕಾಲೇಜುಗಳಿವೆ. ಆಸನಗಳಿಗೆ ಕೊರತೆಯಿಲ್ಲ. ಬೇಕಾಗಿರುವುದು ತಿಂಗಳಿಗೊಮ್ಮೆ ಬಾಗಿಲು ತೆರೆಯುವ ನಾಲ್ಕು ಮಂದಿ.

ಹಣದ ಮಾತು ಬಂದೇ ಬರುತ್ತದೆ. ಕೇರಳದ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಗೆಳೆಯರು 1984ರಲ್ಲಿ 'ಒಡೆಸ್ಸಾ' ಎಂಬ ತಂಡ ಕಟ್ಟಿ, ಊರೂರಿಗೆ ಹೋಗಿ ಚಾಪ್ಲಿನ್ನರ 'ದಿ ಕಿಡ್' ಚಿತ್ರವನ್ನು ತೋರಿಸಿ, ಜನ ಕೊಟ್ಟ ಅಷ್ಟಿಷ್ಟು ಹಣವನ್ನು ಕೂಡಿಸಿ 'ಅಮ್ಮ ಅರಿಯಾನ್' ಎಂಬ ಚಿತ್ರವನ್ನೇ ನಿರ್ಮಿಸಿದರು. 1986ರಲ್ಲಿ ಅದು ಸಿದ್ಧವಾದಾಗ ಮತ್ತೆ ಊರೂರಿಗೆ ಒಯ್ದು ತೋರಿಸಿದರು. ಜನರ ಕಾಣಿಕೆಯಿಂದ ಚಿತ್ರವೇ ತಯಾರಾಗಬಹುದಾದರೆ ಒಂದು ಪ್ರದರ್ಶನ ನಡೆಸುವುದು ದೊಡ್ಡ ಮಾತಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿ ಚಂದಾ ಕಟ್ಟಿ ನೋಡುವ ಹಕ್ಕು ಬೇರೆ, ಸಭೆ ಕೂಡಿಸಿ ತೋರಿಸುವ ಹಕ್ಕು ಬೇರೆ. ಚಿತ್ರದ ಒಡೆಯರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. 1952ರ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನದ ಚಿತ್ರಕ್ಕೆ ಪ್ರಮಾಣಪತ್ರವಿರಬೇಕು. ಎಲ್ಲಿಂದಲೋ ಇಳಿಸಿಕೊಂಡ ಕಳ್ಳಪ್ರತಿಯನ್ನು ತೋರಿಸಿ, ಅದೇ ವೇದಿಕೆಯಲ್ಲಿ ಕಾಯಕದ ಮಹತ್ತ್ವವನ್ನು ಕೊಂಡಾಡುವುದು ವಿಪರ್ಯಾಸವಾದೀತು. ಚಿತ್ರ ಮಾಡಿದವರ ಕಾಯಕಕ್ಕೂ ಬೆಲೆಯಿದೆ. ಅವರು ಕೇಳುವ ಶುಲ್ಕವನ್ನು, ಎಷ್ಟೇ ಸಣ್ಣದಿರಲಿ, ಮೊದಲೇ ಕೊಟ್ಟುಬಿಡುವುದು ಲೇಸು.

ನಮ್ಮಲ್ಲಿ ಈ ಕಾರ್ಯಕ್ಕೆ ಹಣಕ್ಕಿಂತ ದೊಡ್ಡ ಶತ್ರು ಒಂದಿದೆ. ಅದರ ಹೆಸರು ಸನ್ಮಾನ. ಅತಿಥಿ ಬಂದೊಡನೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಜ್ಯೋತಿ ಬೆಳಗುವುದು, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ವೇದಿಕೆಯ ಮೇಲಿನ ಹನ್ನೊಂದು ಗಣ್ಯರ ಹನ್ನೊಂದು ಭಾಷಣ. ಕೊನೆಗೆ ನಿರ್ದೇಶಕರ ಸರದಿ ಬರುವಾಗ ಗಂಟೆ ಒಂಬತ್ತು. ಸಭೆಯಲ್ಲಿ ಉಳಿದವರು ಪೆಂಡಾಲಿನವನು ಮತ್ತು ಮೈಕಿನವನು. ಉತ್ಪ್ರೇಕ್ಷೆಯೆಂದು ಯಾರಾದರೂ ಹೇಳಿದರೆ ಅವರು ಅದೃಷ್ಟವಂತರು. ಚಿತ್ರದ ಮೊದಲು ಐದು ನಿಮಿಷದ ಪರಿಚಯ ಸಾಕು. ಉಳಿದ ಹೊತ್ತೆಲ್ಲ ಚಿತ್ರಕ್ಕೆ ಮತ್ತು ಮಾತಿಗೆ ಮೀಸಲಿರಲಿ. ಹಣ್ಣಿನ ಬುಟ್ಟಿಯನ್ನು ಕೊಡಲೇಬೇಕೆಂದಿದ್ದರೆ, ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಯಿದೆ. ಅದನ್ನು ಹೊರಡುವಾಗ ಬಸ್ಸಿನಲ್ಲಿ ಕೊಡಬಹುದು.

ದೀಪ ಹಾಕಿದ ಮೇಲೆ ಮೊದಲ ಕೆಲವು ನಿಮಿಷ ಯಾರೂ ಮಾತನಾಡುವುದಿಲ್ಲ. ಸಂಘಟಕರು ಇಲ್ಲಿಯೇ ಗಾಬರಿಬಿದ್ದು ಧ್ವನಿವರ್ಧಕವನ್ನು ಮುಂದಿನ ಸಾಲಿನ ವಾಗ್ಮಿಗಳ ಕೈಗೆ ಕೊಟ್ಟುಬಿಡುತ್ತಾರೆ. ಅವರು ಪ್ರಶ್ನೆಯ ಹೆಸರಿನಲ್ಲಿ ಇಪ್ಪತ್ತು ನಿಮಿಷ ಭಾಷಣ ಮಾಡುತ್ತಾರೆ. ಆ ಮೌನವನ್ನು ತಾಳಿಕೊಳ್ಳಬೇಕು. ಜನ ಸುಮ್ಮನಿದ್ದಾರೆಂದರೆ ಚಿತ್ರ ಇನ್ನೂ ಅವರೊಳಗೆ ನಡೆದಿದೆ ಎಂದರ್ಥ. ಬಳಿಕ ಧ್ವನಿವರ್ಧಕ ಹಿಂದಿನ ಸಾಲಿಗೆ, ಅದರಲ್ಲೂ ಹೆಣ್ಣುಮಕ್ಕಳು ಕುಳಿತ ಕಡೆಗೆ ಮೊದಲು ಹೋಗಲಿ. ಪ್ರಶ್ನೆಯೇ ಆಗಬೇಕೆಂದಿಲ್ಲ, ಯಾವ ದೃಶ್ಯ ನೆನಪಿನಲ್ಲಿ ನಿಂತಿತೆಂದು ಹೇಳಿದರೂ ಸಾಕು. ನಿರ್ದೇಶಕರಿಗೂ ಒಂದು ವಿನಂತಿ ಉಂಟು: ಪ್ರತಿಯೊಂದು ಆಕ್ಷೇಪಕ್ಕೂ ಸಮಜಾಯಿಷಿ ಕೊಡುವ ಆತುರ ಬೇಡ. "ನಾನು ಹಾಗೆ ಯೋಚಿಸಿರಲಿಲ್ಲ" ಎಂಬ ಒಂದು ಉತ್ತರ ಸಭೆಯ ನಾಲ್ಕು ಬಾಯಿಗಳನ್ನು ತೆರೆಸುತ್ತದೆ.

ಕಲಬುರಗಿಯಲ್ಲಿ ಸಂಜೆಯ ಹೊತ್ತು ನಡೆದೀತು. ಕಮಲಾಪುರದಲ್ಲಿ ಅದು ಸಾಗದು. 2018ರಲ್ಲಿ ತಾಲ್ಲೂಕು ಕೇಂದ್ರವಾಗಿದ್ದರೂ ಅದು ಸುತ್ತಲಿನ ಹಳ್ಳಿಗಳಿಂದ ಬಂದು ಹೋಗುವವರ ಊರು. ಕತ್ತಲಾಗುವ ಮುನ್ನ ಬಸ್ಸು ಹಿಡಿಯಬೇಕು. ಹೆಣ್ಣುಮಕ್ಕಳು ರೊಟ್ಟಿಗೆ ಹಿಟ್ಟು ಕಲಸುವ ಹೊತ್ತಿಗೆ ಮನೆ ಸೇರಬೇಕು. ಭಾನುವಾರ ಮಧ್ಯಾಹ್ನ ಎರಡೂವರೆಗೆ ಶಾಲೆಯ ಸಭಾಂಗಣದಲ್ಲಿ ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿ ಆರಂಭಿಸಿದರೆ ಐದೂವರೆಗೆ ಮಾತೂ ಮುಗಿಯುತ್ತದೆ. ಧ್ವನಿಯ ವ್ಯವಸ್ಥೆಯನ್ನು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಲಿ. ಚಿತ್ರ ಕೊಂಚ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಉದ್ದನೆಯ ಚಿತ್ರದಿಂದಲೇ ಶುರುಮಾಡಬೇಕೆಂದಿಲ್ಲ. ಮೈಸೂರಿನ ಚಿದಾನಂದ ನಾಯ್ಕರು ಪುಣೆಯ ಸಂಸ್ಥೆಯ ವಿದ್ಯಾರ್ಥಿಯಾಗಿ ಮಾಡಿದ 'ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ' ಎಂಬ ಕನ್ನಡ ಕಿರುಚಿತ್ರ ಕೇವಲ ಹದಿನಾರು ನಿಮಿಷದ್ದು. ಮುದುಕಿಯೊಬ್ಬಳು ಊರಿನ ಹುಂಜವನ್ನು ಒಯ್ದಾಗ ಬೆಳಗಾಗುವುದೇ ನಿಂತುಹೋಗುವ ನಮ್ಮ ಜನಪದ ಕಥೆಯನ್ನು ಆಧರಿಸಿದ್ದು. 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತು. ಅಜ್ಜಿಯರಿಗೆ ಕಥೆ ಗೊತ್ತಿದೆ, ಮೊಮ್ಮಕ್ಕಳಿಗೆ ಬಹುಮಾನದ ಸುದ್ದಿ ಗೊತ್ತಿದೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚದು.

ಬೆಂಗಳೂರಿನಿಂದ ಬರುವವರಿಗೆ ಕಲಬುರಗಿಯವರೆಗೆ ರಾತ್ರಿಯ ರೈಲುಗಳಿವೆ. 2017ರಲ್ಲಿ ಬೀದರ್ ಮಾರ್ಗ ಪೂರ್ಣಗೊಂಡ ಮೇಲೆ ಕಮಲಾಪುರಕ್ಕೂ ಹಳಿ ಬಂದಿದೆ. ಅತಿಥಿಯನ್ನು ಲಾಡ್ಜಿನಲ್ಲಿ ಇಳಿಸುವುದು ಬೇಡ, ಯಾರಾದರೊಬ್ಬರ ಮನೆಯಲ್ಲಿ ಇಳಿಸಲಿ. ಸಭೆಯಲ್ಲಿ ತುಟಿ ತೆರೆಯದ ಮನೆಯೊಡತಿ ರಾತ್ರಿ ಎಣಗಾಯಿ ಬಡಿಸುತ್ತ, ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, "ಅಲ್ಲರೀ ಸರ, ಕಡೀಕ ಆಕಿ ಆ ಬಾಗಲದಾಗ ನಿಂತು ಹಿಂದ ತಿರಗಿ ನೋಡಿದ್ದು ಯಾಕ?" ಎಂದು ಕೇಳುತ್ತಾರೆ. ನಿರ್ದೇಶಕರು ಊಟ ನಿಲ್ಲಿಸಿ ಯೋಚಿಸತೊಡಗುತ್ತಾರೆ.